ಪೀಠದ ಮೇಲೊಂದು ಸಹಿ

ಡಂಕಣನ ಕಥೆ ಎಲ್ಲರೂ ಕೇಳಿರ್ತೀರ. ಜಕಣಾಚಾರಿಯ ವಿಗ್ರಹದ ಕಲ್ಲಲ್ಲೇ ದೋಷ ಇದೆ ಅಂತ ಧೈರ್ಯವಾಗಿ ಹೇಳಿದ ಹುಡುಗ. ಅದು ಐತಿಹ್ಯ. ಆದ್ರೆ ಹಳೇಬೀಡಲ್ಲಿ ನಿಜವಾದ ಶಿಲ್ಪಿಗಳೇ ತಮ್ಮ ಹೆಸರು ಬಿಟ್ಟು ಹೋಗಿದ್ದಾರೆ.

ಹೊಯ್ಸಳೇಶ್ವರ ದೇವಸ್ಥಾನದ ಕೆಲಸ ಶುರುವಾಗಿದ್ದು ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ. ಅಲ್ಲಿನ ಕೆಲವು ಶಿಲ್ಪಗಳ ಪೀಠದಲ್ಲಿ ಹಳೆಯ ಕನ್ನಡ ಲಿಪಿಯ ಸಹಿಗಳಿವೆ: ಮಾಬಲ, ಬಲ್ಲಣ, ಕೇತಣ, ರೇವೋಜ. ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತೆ. ಹಾಗಾಗಿ ಒಡವೆಯ ಕುಸುರಿಯ ಜೊತೆ ಆ ಸಣ್ಣ ಅಕ್ಷರಗಳೂ ಸುಮಾರು 900 ವರ್ಷ ಉಳಿದಿವೆ.

ಪಕ್ಕದ ಬೇಲೂರಲ್ಲಿ ಅಪ್ಪ-ಮಗನ ಜೋಡಿಯೇ ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಇಬ್ಬರೂ ಮದನಿಕೆಯರನ್ನು ಕೆತ್ತಿದ್ರು. ಅಪ್ಪ ಕೆತ್ತಿದ್ದಕ್ಕೆ ಅಪ್ಪನ ಸಹಿ, ಮಗ ಕೆತ್ತಿದ್ದಕ್ಕೆ ಮಗನದೇ ಸಹಿ.

ನಾವು ನೋಟ್‌ಬುಕ್‌ನ ಕೊನೇ ಪುಟದಲ್ಲಿ ಚಿತ್ರ ಬರೆದು, ಯಾರಾದ್ರೂ ನೋಡಿದ್ರೆ 'ಸುಮ್ನೆ ಟೈಂಪಾಸ್' ಅಂತೀವಿ. ನಾನೂ ಹಾಗೇ ಅಂತಿದ್ದೆ. ಈ ಸಲ ಹಳೇಬೀಡಿಗೆ ಹೋದ್ರೆ ಆ ಪೀಠಗಳನ್ನು ಬಗ್ಗಿ ನೋಡಿ. ವಾಪಸ್ ಬಂದು ನಿಮ್ಮ ಚಿತ್ರದ ಕೆಳಗೂ ಹೆಸರು ಬರೀರಿ.