ಸೇವೆಗೆ ಕರೆ ಬಂದಾಗ ಮನೆಯ ಬಾಡಿಗೆ: ಅಮೆರಿಕದ ಮೀಸಲು ಯೋಧರ ವಸತಿ ಭತ್ಯೆ

ವರ್ಷದ ಬಹುಪಾಲು ಅಂಗಡಿ, ಕಾರ್ಖಾನೆ ಅಥವಾ ಕಚೇರಿಯಲ್ಲಿ ದುಡಿಯುತ್ತಿದ್ದು, ಸರ್ಕಾರದ ಆದೇಶ ಬಂದೊಡನೆ ಸಮವಸ್ತ್ರ ಧರಿಸುವವರೇ ಮೀಸಲು ಯೋಧರು. ಅಮೆರಿಕದಲ್ಲಿ ಇವರು ಸಾಮಾನ್ಯವಾಗಿ ತಿಂಗಳಿಗೊಂದು ವಾರಾಂತ್ಯ ಹಾಗೂ ವರ್ಷಕ್ಕೆ ಸುಮಾರು ಎರಡು ವಾರ ತರಬೇತಿ ಪಡೆಯುತ್ತಾರೆ. ಸಕ್ರಿಯ ಸೇವೆಗೆ ಕರೆ ಬಂದರೆ ತಿಂಗಳುಗಟ್ಟಲೆ ಊರು ಬಿಡಬೇಕಾಗುತ್ತದೆ. ಆಗ ಸಂಬಳ ನಿಲ್ಲಬಹುದು, ವ್ಯಾಪಾರ ಕುಗ್ಗಬಹುದು. ಆದರೆ ಮನೆಯ ಬಾಡಿಗೆಯಾಗಲಿ ಬ್ಯಾಂಕಿನ ಕಂತಾಗಲಿ ನಿಲ್ಲುವುದಿಲ್ಲ. ಈ ಹೊರೆಯನ್ನು ಹಗುರಗೊಳಿಸಲು ಅಲ್ಲಿನ ಸರ್ಕಾರ ನೀಡುವ ವಸತಿ ಭತ್ಯೆಯ ನಿಯಮಗಳು ಉದ್ದಿಮೆದಾರರಿಗೂ ತಿಳಿದಿರಬೇಕಾದವು.

ಭತ್ಯೆಯ ಸ್ವರೂಪ

ಹಿಂದೆ ಇದ್ದ ಎರಡು ಪ್ರತ್ಯೇಕ ಭತ್ಯೆಗಳನ್ನು ಒಗ್ಗೂಡಿಸಿ ಈಗಿನ ಪದ್ಧತಿಯನ್ನು 1998ರ ಜನವರಿಯಲ್ಲಿ ಜಾರಿಗೆ ತರಲಾಯಿತು. ಯೋಧನ ದರ್ಜೆ, ಆತನಿಗೆ ಅವಲಂಬಿತರು ಇದ್ದಾರೆಯೇ ಎಂಬುದು ಮತ್ತು ಊರು, ಈ ಮೂರರ ಆಧಾರದ ಮೇಲೆ ಮೊತ್ತ ನಿಗದಿಯಾಗುತ್ತದೆ. ಪ್ರತಿ ವರ್ಷ ಆಯಾ ಪ್ರದೇಶದ ಬಾಡಿಗೆ, ವಿದ್ಯುತ್ ಮತ್ತು ನೀರಿನ ವೆಚ್ಚಗಳನ್ನು ಸಮೀಕ್ಷೆ ಮಾಡಿ ದರವನ್ನು ಪರಿಷ್ಕರಿಸಲಾಗುತ್ತದೆ. ಸರಾಸರಿ ವಸತಿ ವೆಚ್ಚದ ಒಂದಂಶವನ್ನು ಯೋಧನೇ ಭರಿಸುವ ನಿಯಮ 2015ರಲ್ಲಿ ಶೇ. 1ರಿಂದ ಆರಂಭವಾಗಿ 2019ರಲ್ಲಿ ಶೇ. 5ಕ್ಕೆ ತಲುಪಿತು. ಈ ಭತ್ಯೆಗೆ ಕೇಂದ್ರ ಆದಾಯ ತೆರಿಗೆ ಇಲ್ಲ.

ಮೂವತ್ತು ದಿನಗಳ ಗಡಿ

ಮೀಸಲು ಯೋಧರ ವಿಷಯದಲ್ಲಿ ನಿರ್ಣಾಯಕವಾದುದು ಆದೇಶದಲ್ಲಿ ನಮೂದಿಸಿದ ದಿನಗಳ ಸಂಖ್ಯೆ. 30 ದಿನ ಅಥವಾ ಅದಕ್ಕಿಂತ ಕಡಿಮೆ ಅವಧಿಯ ಆದೇಶವಿದ್ದರೆ ದೇಶಕ್ಕೆಲ್ಲ ಅನ್ವಯವಾಗುವ ಏಕರೂಪದ ದರ ಮಾತ್ರ ದೊರೆಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಂತಹ ದುಬಾರಿ ನಗರದವನಿಗೂ ಸಣ್ಣ ಊರಿನವನಿಗೂ ಅದು ಒಂದೇ. ಆದೇಶ 30 ದಿನಗಳನ್ನು ಮೀರಿದರೆ ಮೊದಲ ದಿನದಿಂದಲೇ ಸ್ಥಳೀಯ ದರ ಅನ್ವಯಿಸುತ್ತದೆ. ಯುದ್ಧ ಮುಂತಾದ ತುರ್ತು ಕಾರ್ಯಾಚರಣೆಗೆ ಕರೆದಿದ್ದಲ್ಲಿ ಅವಧಿ ಎಷ್ಟೇ ಇರಲಿ, ಸ್ಥಳೀಯ ದರವೇ ಸಲ್ಲುತ್ತದೆ.

ಹಿಂದೆ ಈ ಗಡಿ 140 ದಿನಗಳಷ್ಟಿತ್ತು. ಅಂದರೆ ನಾಲ್ಕು ತಿಂಗಳು ಮನೆ ಬಿಟ್ಟವನೂ ಅಲ್ಪ ದರಕ್ಕೇ ತೃಪ್ತನಾಗಬೇಕಾಗಿತ್ತು. 2006ರಿಂದ ಅದನ್ನು 30 ದಿನಗಳಿಗೆ ಇಳಿಸಲಾಯಿತು. ಆದರೂ 30 ದಿನದ ಆದೇಶಕ್ಕೂ 31 ದಿನದ ಆದೇಶಕ್ಕೂ ನಡುವಿನ ಒಂದೇ ದಿನದ ವ್ಯತ್ಯಾಸ ದುಬಾರಿ ನಗರದ ಕುಟುಂಬಕ್ಕೆ ಸಣ್ಣ ಸಂಗತಿಯಲ್ಲ.

ಯಾವ ಊರಿನ ದರ?

ಭತ್ಯೆ ಸಾಮಾನ್ಯವಾಗಿ ಬಿಟ್ಟುಬಂದ ಮನೆಯನ್ನು ಅನುಸರಿಸುತ್ತದೆ, ಸೇವಾಸ್ಥಳವನ್ನಲ್ಲ. ಕರೆ ಬಂದಾಗ ಯೋಧ ವಾಸವಿದ್ದ ಮುಖ್ಯ ನಿವಾಸದ ಅಂಚೆ ಸಂಕೇತವೇ ಲೆಕ್ಕಕ್ಕೆ ಆಧಾರ. ಸರ್ಕಾರದ ವೆಚ್ಚದಲ್ಲಿ ಮನೆಸಾಮಾನು ಸಾಗಿಸಿ ಸಂಸಾರವನ್ನೇ ಸ್ಥಳಾಂತರಿಸಿದಾಗ ಮಾತ್ರ ಸೇವಾಸ್ಥಳದ ದರ ಬರುತ್ತದೆ. ಅವಲಂಬಿತರಿಲ್ಲದ ಯೋಧನೊಬ್ಬ ತುರ್ತು ಕಾರ್ಯಾಚರಣೆಗೆ ಹೋಗಿ ಸೇನಾ ವಸತಿಯಲ್ಲಿ ಉಳಿದರೂ, ಊರಿನ ಮನೆಯ ಬಾಡಿಗೆ ಅಥವಾ ಕಂತು ಆತನ ಹೊಣೆಯಾಗಿಯೇ ಉಳಿದಿದ್ದರೆ ಭತ್ಯೆಗೆ ಅರ್ಹನಾಗುತ್ತಾನೆ. ಹಿಂದಿರುಗಿದಾಗ ಮನೆ ಉಳಿದಿರಬೇಕು ಎಂಬುದೇ ಇದರ ಹಿಂದಿನ ತತ್ತ್ವ.

ಸಾಲ ಮತ್ತು ಬಾಡಿಗೆ ಕರಾರು

ಭತ್ಯೆಯೊಂದರಿಂದಲೇ ಎಲ್ಲವೂ ಸರಿದೂಗದು. ಆದ್ದರಿಂದ 2003ರ ಸೇವಾ ಸದಸ್ಯರ ನಾಗರಿಕ ಪರಿಹಾರ ಕಾಯ್ದೆ ನೆರವಿಗೆ ಬರುತ್ತದೆ. ಸೇವೆಗೆ ಸೇರುವ ಮುನ್ನ ಮಾಡಿದ ಸಾಲದ ಬಡ್ಡಿಯನ್ನು, ಯೋಧ ಲಿಖಿತವಾಗಿ ಕೋರಿದಲ್ಲಿ, ಶೇ. 6ಕ್ಕೆ ಮಿತಿಗೊಳಿಸಲಾಗುತ್ತದೆ, ಗೃಹಸಾಲಕ್ಕೆ ಈ ರಿಯಾಯಿತಿ ಸೇವೆ ಮುಗಿದ ನಂತರವೂ ಒಂದು ವರ್ಷ ಮುಂದುವರಿಯುತ್ತದೆ. ಮನೆಯಷ್ಟೇ ಅಲ್ಲದೆ ಅಂಗಡಿ ಮಳಿಗೆಯ ಬಾಡಿಗೆ ಕರಾರನ್ನೂ ಅವಧಿಗೆ ಮುನ್ನ ರದ್ದುಪಡಿಸಿಕೊಳ್ಳುವ ಅವಕಾಶವಿದೆ. ಸ್ವತಃ ಮೀಸಲು ಯೋಧನಾಗಿರುವ ಸಣ್ಣ ವರ್ತಕನಿಗೆ ಇದು ಬಹುಮುಖ್ಯ ರಕ್ಷಣೆ.

ಉದ್ಯೋಗದಾತರ ಪಾತ್ರ

ವಸತಿ ಭತ್ಯೆ ಸಂಪೂರ್ಣವಾಗಿ ಸರ್ಕಾರದ ಹೊಣೆ. ಗೈರುಹಾಜರಿಯ ಅವಧಿಗೆ ಖಾಸಗಿ ಉದ್ಯೋಗದಾತ ಸಂಬಳ ನೀಡಲೇಬೇಕೆಂಬ ಸಾಮಾನ್ಯ ಕಡ್ಡಾಯವೂ ಇಲ್ಲ. ಆದರೆ 1994ರ ಮರುನೇಮಕಾತಿ ಕಾಯ್ದೆಯಂತೆ, ಒಟ್ಟು ಸೇವೆ ಐದು ವರ್ಷ ಮೀರದಿದ್ದಲ್ಲಿ, ನಿಯಮಾನುಸಾರ ಹಿಂದಿರುಗಿದವನಿಗೆ ಜ್ಯೇಷ್ಠತೆ ಸಹಿತ ಕೆಲಸ ಮರಳಿ ಕೊಡಬೇಕು. ನಾಗರಿಕ ಸಂಬಳಕ್ಕಿಂತ ಸೇನಾ ವೇತನ ಕಡಿಮೆಯಿದ್ದು, ಆ ವ್ಯತ್ಯಾಸವನ್ನು ಉದ್ಯೋಗದಾತ ಸ್ವಇಚ್ಛೆಯಿಂದ ತುಂಬಿಕೊಟ್ಟರೆ ತೆರಿಗೆ ರಿಯಾಯಿತಿ ದೊರೆಯುತ್ತದೆ. ಒಬ್ಬ ನೌಕರನಿಗೆ ವರ್ಷಕ್ಕೆ 20,000 ಡಾಲರ್‌ವರೆಗಿನ ಪಾವತಿಯ ಶೇ. 20ರಷ್ಟು ತೆರಿಗೆಯಲ್ಲಿ ಕಡಿತವಾಗುತ್ತದೆ. 2008ರಲ್ಲಿ 50ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ ಸೀಮಿತವಾಗಿದ್ದ ಈ ಸೌಲಭ್ಯವನ್ನು 2016ರಿಂದ ಎಲ್ಲ ಉದ್ಯೋಗದಾತರಿಗೂ ವಿಸ್ತರಿಸಲಾಗಿದೆ. ಇಲ್ಲಿಯೂ ಸೇವೆಯ ಆದೇಶ 30 ದಿನಗಳನ್ನು ಮೀರಿರಬೇಕು.

ನಮ್ಮಲ್ಲಿ

ನಮ್ಮ ದೇಶದ ಪ್ರಾದೇಶಿಕ ಸೇನೆ, ಅರ್ಥಾತ್ ಟೆರಿಟೋರಿಯಲ್ ಆರ್ಮಿಯಲ್ಲಿಯೂ ಇದೇ ಪ್ರಶ್ನೆ ಉದ್ಭವಿಸುತ್ತದೆ. 1948ರ ಕಾಯ್ದೆಯ ಪ್ರಕಾರ, ಸೇವೆಗೆ ಕರೆಬಂದ ನೌಕರನಿಗೆ ಅಗತ್ಯ ರಜೆ ನೀಡುವುದೂ, ಸೇವೆ ಮುಗಿದ ಮೇಲೆ ಮೊದಲಿಗಿಂತ ಕಡಿಮೆಯಲ್ಲದ ಷರತ್ತುಗಳ ಮೇಲೆ ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳುವುದೂ ಉದ್ಯೋಗದಾತನ ಕರ್ತವ್ಯ. ಪ್ರಾದೇಶಿಕ ಸೇನೆಯ ಸದಸ್ಯರು ನೌಕರಿಯಲ್ಲಿರುವ ಸಂಸ್ಥೆಗಳು ಆದೇಶದ ಪ್ರತಿ, ಸೇವಾವಧಿಯ ದಿನಾಂಕ ಮತ್ತು ಭವಿಷ್ಯನಿಧಿ ಲೆಕ್ಕವನ್ನು ಮೊದಲ ದಿನದಿಂದಲೇ ಕ್ರಮಬದ್ಧವಾಗಿ ಇಟ್ಟುಕೊಳ್ಳುವುದು ಹಿತಕರ. ದಿನಗಳ ಲೆಕ್ಕ ತಪ್ಪಿದರೆ ಹಕ್ಕಿನ ಲೆಕ್ಕವೂ ತಪ್ಪುತ್ತದೆ ಎಂಬುದು ಅಮೆರಿಕದ ನಿಯಮಗಳಿಂದ ಕಲಿಯಬಹುದಾದ ಪಾಠ.