ಎಂಟನೇ ತರಗತಿಯ ಬೀಜಗಣಿತ ಯಾರ ಮಕ್ಕಳಿಗೆ?



ಕಳೆದ ವರ್ಷದ ವಿದ್ಯಾರ್ಥಿವೇತನ ಸಂದರ್ಶನದ ದಿನ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಮ್ಮೂರಿನ ದಾನಿಯೊಬ್ಬರು ಬಂದಿದ್ದರು. ಏಳು ಮತ್ತು ಎಂಟನೇ ತರಗತಿಯವರಿಗೆ ಭಾನುವಾರದ ಗಣಿತ ಪಾಠ ಆರಂಭಿಸುವ ಮಾತು ನಡೆಯುತ್ತಿತ್ತು. ಒಂದು ಪರೀಕ್ಷೆ ಇಟ್ಟು ಇಪ್ಪತ್ತು ಮಕ್ಕಳನ್ನು ಆರಿಸೋಣ ಎಂದು ಸೂಚಿಸಿದವನು ನಾನೇ. ಅವರು ನಕ್ಕು, "ಮೇಷ್ಟ್ರೇ, ನಮ್ಮ ಕಡೆ ಇದೇ ವಿಷಯಕ್ಕೆ ಹತ್ತು ವರ್ಷ ಜಗಳ ಆಯ್ತು" ಎಂದರು. ಆ ಜಗಳ ಏನೆಂದು ವಿವರಿಸಿ ವಾರ್ಷಿಕ ವರದಿಗೆ ಬರೆಯುವಂತೆ ಟ್ರಸ್ಟಿನವರು ಹೇಳಿದ್ದರಿಂದ ಈ ಲೇಖನ.

ಮೊದಲು ಅಲ್ಲಿನ ವ್ಯವಸ್ಥೆ. ನಮ್ಮಲ್ಲಿ ಒಂದು ತರಗತಿಯ ಮಕ್ಕಳೆಲ್ಲರಿಗೂ ಒಂದೇ ಗಣಿತ ಪುಸ್ತಕ. ಏಳನೇ ತರಗತಿಯ 'ಸರಳ ಸಮೀಕರಣಗಳು' ಪಾಠವನ್ನು ಕೊನೆಯ ಬೆಂಚಿನ ಹುಡುಗನೂ ಓದಲೇಬೇಕು. ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಹಾಗಲ್ಲ. ಗಣಿತ ಅಲ್ಲಿ ಮೆಟ್ಟಿಲುಗಳ ಹಾಗೆ: ಬೀಜಗಣಿತ, ರೇಖಾಗಣಿತ, ಎರಡನೇ ಬೀಜಗಣಿತ, ಕಲನಶಾಸ್ತ್ರದ ಪೂರ್ವಸಿದ್ಧತೆ, ಆಮೇಲೆ ಕಲನಶಾಸ್ತ್ರ. ವರ್ಷಕ್ಕೊಂದು ಮೆಟ್ಟಿಲು. ಬೀಜಗಣಿತವನ್ನು ಎಂಟನೇ ತರಗತಿಯಲ್ಲಿ ಹಿಡಿದವನು ಹನ್ನೆರಡರಲ್ಲಿ ಕಲನಶಾಸ್ತ್ರ ಮುಟ್ಟುತ್ತಾನೆ. ಒಂಬತ್ತರಲ್ಲಿ ಹಿಡಿದವನು ಒಂದು ಮೆಟ್ಟಿಲು ಕೆಳಗೇ ಶಾಲೆ ಮುಗಿಸುತ್ತಾನೆ. ಇಂಜಿನಿಯರಿಂಗಿಗೆ ಹೆಸರಾದ ಕಾಲೇಜುಗಳು ಕಲನಶಾಸ್ತ್ರ ಓದಿದವರನ್ನೇ ಹುಡುಕುವುದರಿಂದ, ಹದಿಮೂರು ವರ್ಷದ ಮಗುವಿಗೆ ಯಾವ ತರಗತಿ ಎಂಬುದು ತಂದೆ ತಾಯಿಗಳ ನಿದ್ದೆ ಕೆಡಿಸುತ್ತದೆ.

ಈ ತಕರಾರು ಹಳೆಯದು. ಅದನ್ನು ಬೇರೆಯೇ ರೀತಿ ಕೈಗೆತ್ತಿಕೊಂಡ ತಂದೆಯೊಬ್ಬರು ಬಾಬ್ ಮೋಸೆಸ್. 1960ರ ದಶಕದಲ್ಲಿ ಮಿಸಿಸಿಪ್ಪಿಯಲ್ಲಿ ಕರಿಯರ ಹೆಸರು ಮತದಾರರ ಪಟ್ಟಿಗೆ ಸೇರಿಸಲು ಏಟು ತಿಂದು ಜೈಲು ಕಂಡವರು, ಆಮೇಲೆ ಟಾಂಜಾನಿಯಾದಲ್ಲಿ ಗಣಿತ ಕಲಿಸಿದವರು. 1982ರಲ್ಲಿ ಅವರ ಮಗಳು ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ನಗರದ ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿಗೆ ಬಂದಳು. ಆ ಶಾಲೆಯಲ್ಲಿ ಬೀಜಗಣಿತವೇ ಇರಲಿಲ್ಲ. ಮನೆಯಲ್ಲಿ ಅಪ್ಪ ಪಾಠ ಹೇಳಲು ಹೋದರೆ ಮಗಳು, ಶಾಲೆಯದೊಂದು ಮನೆಯದೊಂದು ಎರಡೆರಡು ಗಣಿತ ತನಗೆ ಬೇಡ ಎಂದಳಂತೆ. (ಗಣಿತ ಮೇಷ್ಟ್ರ ಮಕ್ಕಳ ಕಷ್ಟ ಎಲ್ಲಾ ದೇಶದಲ್ಲೂ ಒಂದೇ.) ಆಗ ಅವಳ ಶಿಕ್ಷಕಿ, ನೀವೇ ಬಂದು ತರಗತಿಯಲ್ಲಿ ಕಲಿಸಿ ಎಂದು ಕರೆದರು. ಅಲ್ಲಿಂದ 'ಆಲ್ಜೀಬ್ರಾ ಪ್ರಾಜೆಕ್ಟ್' ಹುಟ್ಟಿತು. ಮೊದಲು ಕೆಲವೇ ಮಕ್ಕಳು; ಮುಂದೆ, ಎಲ್ಲರಿಗೂ ಏಕೆ ಬೇಡ ಎಂಬ ಪ್ರಶ್ನೆ ಎದ್ದಿತು. ಪೋಷಕರನ್ನು ಕೇಳಿದಾಗ ಹೆಚ್ಚುಕಡಿಮೆ ಪ್ರತಿಯೊಬ್ಬರೂ ತಮ್ಮ ಮಗುವಿಗೆ ಬೀಜಗಣಿತ ಬೇಕು ಎಂದರು. ಎಲ್ಲರ ಮಕ್ಕಳಿಗೂ ಬೇಕು ಎಂದವರು ಅಷ್ಟಿರಲಿಲ್ಲ.

ಅವರು ಕಲಿಸಿದ ಬಗೆಯನ್ನೂ ಹೇಳಬೇಕು. ಋಣ ಸಂಖ್ಯೆ ಎಂದರೆ ಮಕ್ಕಳು ಬೆಚ್ಚುತ್ತಾರೆ. ಮೋಸೆಸ್ ಮಕ್ಕಳನ್ನು ನಗರದ ರೈಲಿನಲ್ಲಿ ಕೂರಿಸಿಕೊಂಡು ಹೊರಟರು. ಒಂದು ನಿಲ್ದಾಣವನ್ನು ಸೊನ್ನೆ ಎಂದಿಟ್ಟುಕೊಂಡರೆ ಒಂದು ದಿಕ್ಕಿನ ನಿಲ್ದಾಣಗಳು ಧನ, ಎದುರು ದಿಕ್ಕಿನವು ಋಣ. ಎಷ್ಟು ದೂರ ಎಂಬುದರ ಜೊತೆಗೆ ಯಾವ ಕಡೆಗೆ ಎಂದೂ ಕೇಳಬೇಕು ಎಂಬುದು ಮಕ್ಕಳ ಮೈಗೆ ಹತ್ತಿತು. ನಾನು ಇಷ್ಟು ವರ್ಷ ಕಪ್ಪು ಹಲಗೆಯ ಮೇಲೆ ಗೆರೆ ಎಳೆದು ಹೇಳಿದ್ದನ್ನು ನಮ್ಮೂರ ಬಸ್ಸಿನಲ್ಲೇ ತೋರಿಸಬಹುದಿತ್ತು.

ಇನ್ನು ಸ್ಯಾನ್ ಫ್ರಾನ್ಸಿಸ್ಕೋ. ಅಲ್ಲಿ ಬೀಜಗಣಿತದಲ್ಲಿ ಬಹಳ ಮಕ್ಕಳು ಸೋತು ಮತ್ತೆ ಓದುತ್ತಿದ್ದರು. ಮೇಲಿನ ಗಣಿತ ತರಗತಿಗಳಲ್ಲಿ ಕರಿಯರ ಮತ್ತು ಲ್ಯಾಟಿನೋ ಮಕ್ಕಳು ತೀರಾ ಕಡಿಮೆ ಇದ್ದರು. ಆದ್ದರಿಂದ 2014ರಲ್ಲಿ ಶಾಲಾ ಮಂಡಳಿ ಎಂಟನೇ ತರಗತಿಯಿಂದ ಬೀಜಗಣಿತವನ್ನು ತೆಗೆದು, ಎಲ್ಲರಿಗೂ ಒಂಬತ್ತರಲ್ಲೇ ಎಂದಿತು. ಉದ್ದೇಶ ಕೆಟ್ಟದ್ದಲ್ಲ. ಮತ್ತೆ ಓದುವವರು ಕಡಿಮೆಯಾದರು ಎಂದು ಆಡಳಿತ ಹೇಳಿತು. ನಿಯಮ ಸಡಿಲಿಸಿದರೆ ಕಡಿಮೆಯಾಗದೆ ಇರುತ್ತದೆಯೇ ಎಂದು ಪೋಷಕರು ಕೇಳಿದರು. ಅಷ್ಟರಲ್ಲಿ ಕೈಯಲ್ಲಿ ಕಾಸಿದ್ದವರು ಖಾಸಗಿ ಆನ್‌ಲೈನ್ ಪಾಠಕ್ಕೆ ಹಣ ಕಟ್ಟಿ ಆ ಮೆಟ್ಟಿಲನ್ನು ಹೊರಗಿನಿಂದ ಹತ್ತಿಸಿದರು. ಇಲ್ಲದವರ ಮಕ್ಕಳು ಕಾದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಲೆಕ್ಕ ಹಾಕಿ ನೋಡಿದಾಗ, ಮೇಲಿನ ಗಣಿತದಲ್ಲಿ ಜನಾಂಗಗಳ ನಡುವಿನ ಅಂತರ ಹೆಚ್ಚುಕಡಿಮೆ ಹಾಗೆಯೇ ಇತ್ತು. 2024ರ ಫೆಬ್ರವರಿಯಲ್ಲಿ ಮಂಡಳಿ ಬೀಜಗಣಿತವನ್ನು ಎಂಟಕ್ಕೆ ಮರಳಿ ತರಲು ನಿರ್ಧರಿಸಿತು. ಮುಂದಿನ ತಿಂಗಳು ನಡೆದ ಮತದಾನದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಬೇಕು ಎಂದರು. ಆ ಮತ ಕೇವಲ ಸಲಹೆಯ ರೂಪದ್ದು, ಆದರೂ ಜನರ ಮನಸ್ಸು ಗೊತ್ತಾಯಿತು.

ಇದೆಲ್ಲ ಓದುವಾಗ ನನಗೆ ನೆನಪಾದದ್ದು ನಾನೇ ಮಾಡಿದ ಕೆಲಸ. ಸುಮಾರು ಇಪ್ಪತ್ತು ವರ್ಷದ ಹಿಂದೆ, ಶಾಲೆ ಬಿಟ್ಟ ಮೇಲೆ ಎಂಟನೆಯವರಲ್ಲಿ ಹತ್ತು ಜನಕ್ಕೆ ವಿಶೇಷ ತರಗತಿ ಮಾಡುತ್ತಿದ್ದೆ. ಆಯ್ಕೆ ಒಂದೇ ಕಿರುಪರೀಕ್ಷೆಯಿಂದ. ಗ್ಯಾರೇಜಿನಲ್ಲಿ ದುಡಿಯುವ ಒಬ್ಬ ತಂದೆ ಬಂದು, "ಸಾರ್, ನನ್ನ ಮಗಳನ್ನೂ ಮೂಲೇಲಿ ಕೂರಿಸ್ಕೊಳ್ಳಿ, ಏನೂ ಕೇಳಲ್ಲ" ಎಂದರು. ಪರೀಕ್ಷೆಯ ವಾರ ಆ ಹುಡುಗಿ ಜ್ವರದಿಂದ ಎದ್ದು ಬಂದಿದ್ದಳು ಎಂದು ನನಗೆ ಗೊತ್ತಿತ್ತು. ಒಬ್ಬಳಿಗೆ ಹೂಂ ಎಂದರೆ ಎಲ್ಲರೂ ಬರುತ್ತಾರೆ ಎಂದು ಕಳಿಸಿಬಿಟ್ಟೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಅವಳು ಪಿಯುಸಿಗೆ ವಿಜ್ಞಾನ ತೆಗೆದುಕೊಳ್ಳಲಿಲ್ಲ. ಏಕಮ್ಮ ಎಂದರೆ, "ಗಣಿತ ನನಗಲ್ಲ ಅಂತ ನೀವೇ ಹೇಳಿದ್ರಲ್ಲ ಸಾರ್" ಎಂದಳು. ನಾನು ಹಾಗೆ ಎಂದೂ ಹೇಳಿರಲಿಲ್ಲ. ಆದರೆ ಬಾಗಿಲು ಹಾಕಿದ್ದು ನಿಜ, ಎಲ್ಲರೂ ಬಂದಿದ್ದರೂ ಕೊಠಡಿಯಲ್ಲಿ ಜಾಗವಿದ್ದದ್ದೂ ನಿಜ.

ಆದ್ದರಿಂದ ಭಾನುವಾರದ ಪಾಠಕ್ಕೆ ಆಯ್ಕೆ ಪರೀಕ್ಷೆ ಬೇಡ ಎಂದು ನನ್ನ ಸೂಚನೆಯನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ. ಸಮಿತಿಯಲ್ಲಿ ಎಲ್ಲರೂ ಒಪ್ಪಲಿಲ್ಲ. ಬುದ್ಧಿವಂತ ಮಕ್ಕಳಿಗೆ ವೇಗ ಸಾಲದು ಎಂಬ ಅವರ ಆತಂಕ ಸುಳ್ಳಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಪೋಷಕರು ಹೇಳಿದ್ದೂ ಅದನ್ನೇ. ಹಾಗಾಗಿ ಮೊದಲ ಗಂಟೆ ಎಲ್ಲರಿಗೂ ಒಂದೇ ಪಾಠ, ಎರಡನೇ ಗಂಟೆ ಮುಂದಿನ ಲೆಕ್ಕಗಳು. ಎರಡನೇ ಗಂಟೆಗೆ ಉಳಿಯುವುದು ಬಿಡುವುದು ಮಗುವಿನ ಇಷ್ಟ, ಯಾರನ್ನೂ ಎಬ್ಬಿಸಿ ಕಳಿಸುವುದಿಲ್ಲ. ಇದಕ್ಕೆ ಇನ್ನೊಬ್ಬ ಶಿಕ್ಷಕರು ಬೇಕು, ಅವರ ಗೌರವಧನಕ್ಕೆ ದಾನಿಗಳ ನೆರವು ಬೇಕು.

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಪೋಷಕರು ಅಂಕಪಟ್ಟಿಯ ಜೊತೆಗೆ ಮಗುವಿನ ಗಣಿತದ ನೋಟ್‌ಬುಕ್ಕನ್ನೂ ತರಬೇಕು. ತಪ್ಪಿದ ಲೆಕ್ಕಗಳಿರುವ ಪುಟಗಳನ್ನು ಹರಿಯಬೇಡಿ, ನಾನು ಮೊದಲು ನೋಡುವುದು ಅವನ್ನೇ.