ತೆರೆಯ ಸಾಂಗ್ಲಿಯಾನ, ಠಾಣೆಯ ಕಾನೂನು

ಪೊಲೀಸ್ ಅಧಿಕಾರಿಯೊಬ್ಬರು ಸೇವೆಯಲ್ಲಿರುವಾಗಲೇ ಅವರ ಹೆಸರಿನಲ್ಲಿ ಸಿನಿಮಾ ಬರುವುದು ಅಪರೂಪ. ಕನ್ನಡದಲ್ಲಿ 1988ರಲ್ಲಿ ಅದು ನಡೆಯಿತು. ಪಿ. ನಂಜುಂಡಪ್ಪ ನಿರ್ದೇಶನದ ‘ಎಸ್.ಪಿ. ಸಾಂಗ್ಲಿಯಾನ’ ಚಿತ್ರದಲ್ಲಿ ಶಂಕರ್ ನಾಗ್ ನಾಯಕ. ಜನ ಮೆಚ್ಚಿದರು. 1990ರಲ್ಲಿ ಎರಡನೆಯ ಭಾಗವೂ ಬಂತು. ಅದೇ ವರ್ಷ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡು ಬಳಿ ಅಪಘಾತದಲ್ಲಿ ಶಂಕರ್ ನಾಗ್ ತೀರಿಕೊಂಡರು.

ನಿಜವಾದ ಸಾಂಗ್ಲಿಯಾನ ಮಿಜೋರಾಂ ಮೂಲದವರು. ಕರ್ನಾಟಕದಲ್ಲಿ ಐಪಿಎಸ್ ಅಧಿಕಾರಿಯಾಗಿ ಹೆಸರು ಮಾಡಿ, ಬೆಂಗಳೂರು ನಗರದ ಪೊಲೀಸ್ ಆಯುಕ್ತರೂ ಆದರು. 2004ರಲ್ಲಿ ಬೆಂಗಳೂರು ಉತ್ತರ ಕ್ಷೇತ್ರದಲ್ಲಿ ಬಿಜೆಪಿ ಅಭ್ಯರ್ಥಿಯಾಗಿ ನಿಂತು ಸಿ.ಕೆ. ಜಾಫರ್ ಷರೀಫ್ ಅವರನ್ನು ಸೋಲಿಸಿದರು. 2008ರ ಜುಲೈನಲ್ಲಿ ವಿಶ್ವಾಸಮತದ ವೇಳೆ ಪಕ್ಷದ ವಿರುದ್ಧ ಮತ ಹಾಕಿ ಉಚ್ಚಾಟನೆಗೊಂಡರು. 2018ರಲ್ಲಿ ನಿರ್ಭಯಾ ತಾಯಿಯ ಮೈಕಟ್ಟಿನ ಕುರಿತು ಆಡಿದ ಮಾತಿಗೆ ತೀವ್ರ ಟೀಕೆ ಎದುರಿಸಿದರು. ತೆರೆಯ ನಾಯಕನ ಕಥೆ ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ, ಮನುಷ್ಯನದು ಹಾಗಲ್ಲ.

ಅಧಿಕಾರ ಅತಿಯಾದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಜೆ. ಎಡ್ಗರ್ ಹೂವರ್ ಉದಾಹರಣೆ. 1924ರಿಂದ 1972ರಲ್ಲಿ ಸಾಯುವವರೆಗೆ, 48 ವರ್ಷ, ಎಫ್‌ಬಿಐ ಅವರ ಕೈಯಲ್ಲಿತ್ತು. ಬೆರಳಚ್ಚು, ಪ್ರಯೋಗಾಲಯಗಳ ಮೂಲಕ ತನಿಖೆಗೆ ವೈಜ್ಞಾನಿಕ ರೂಪ ಕೊಟ್ಟವರೂ ಅವರೇ, ಮಾರ್ಟಿನ್ ಲೂಥರ್ ಕಿಂಗ್ ಅಂಥವರ ಮೇಲೆ ಕದ್ದಾಲಿಕೆ ನಡೆಸಿದವರೂ ಅವರೇ. 1976ರಲ್ಲಿ ಅಲ್ಲಿ ಎಫ್‌ಬಿಐ ಮುಖ್ಯಸ್ಥರ ಅವಧಿಯನ್ನು 10 ವರ್ಷಕ್ಕೆ ಮಿತಿಗೊಳಿಸಲಾಯಿತು. 2011ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ತೆಗೆದ ‘ಜೆ. ಎಡ್ಗರ್’ ಅವರನ್ನು ಪೂಜಿಸಲಿಲ್ಲ, ಪ್ರಶ್ನಿಸಿತು.

ನಮ್ಮ ಪೊಲೀಸ್ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣದಿರುವುದು ಈ ಪ್ರಶ್ನೆಯೇ. ನಾಯಕ ಆರೋಪಿಗೆ ನಾಲ್ಕು ಬಿಗಿದರೆ ಚಿತ್ರಮಂದಿರದಲ್ಲಿ ಶಿಳ್ಳೆ ಬೀಳುತ್ತದೆ. ಆದರೆ ಸಂವಿಧಾನದ 22ನೇ ವಿಧಿಯ ಪ್ರಕಾರ, ಬಂಧಿತನಿಗೆ ಬಂಧನದ ಕಾರಣ ತಿಳಿಸಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಈ ರಕ್ಷಣೆ ಕಳ್ಳನಿಗಷ್ಟೇ ಅಲ್ಲ, ತಪ್ಪು ಗುರುತಿನಿಂದ ಸಿಕ್ಕಿಬಿದ್ದ ಕಾಲೇಜು ಹುಡುಗನಿಗೂ ಇದೆ.

ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ ಪೊಲೀಸ್ ಠಾಣೆಯಿದೆ. ಅಲ್ಲಿ ‘ಎಸ್.ಪಿ. ಸಾಹೇಬರ’ನ್ನು ಹುಡುಕಿದರೆ ಸಿಗುವುದಿಲ್ಲ. ಅದು ಬೆಂಗಳೂರು ನಗರ ಪೊಲೀಸ್ ವ್ಯಾಪ್ತಿಯದು. ಇನ್‌ಸ್ಪೆಕ್ಟರ್ ಮೇಲೆ ಎಸಿಪಿ, ಡಿಸಿಪಿ, ಕೊನೆಗೆ ಆಯುಕ್ತರು. ಎಸ್.ಪಿ. ಇರುವುದು ಜಿಲ್ಲೆಗೆ.

ಆ ಬಡಾವಣೆಯ ವಿದ್ಯಾರ್ಥಿಗೂ ಐಪಿಎಸ್ ಬಾಗಿಲು ತೆರೆದೇ ಇದೆ. ಯಾವುದೇ ವಿಷಯದ ಪದವಿ ಸಾಕು. ಸಾಮಾನ್ಯ ವರ್ಗಕ್ಕೆ ವಯೋಮಿತಿ 21ರಿಂದ 32. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಆದರೆ ಪೂರ್ವಭಾವಿ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿರುತ್ತದೆ. ಆಯ್ಕೆಯಾದವರಿಗೆ ಹೈದರಾಬಾದಿನ ಅಕಾಡೆಮಿಯಲ್ಲಿ ಕುದುರೆ ಸವಾರಿಯ ಜೊತೆ ಕಾನೂನಿನ ಪಾಠವೂ ಇದೆ.

ಮಗ ಅಥವಾ ಮಗಳು ಸಿನಿಮಾ ನೋಡಿ ಖಾಕಿಯ ಕನಸು ಕಂಡರೆ ತಂದೆತಾಯಿ ನಗಬೇಕಿಲ್ಲ. ಶಂಕರ್ ನಾಗ್ ಅವರ ಚಿತ್ರದ ಜೊತೆಗೆ ಸಂವಿಧಾನದ ಪುಸ್ತಕವನ್ನೂ ಕೈಗೆ ಕೊಟ್ಟರಾಯಿತು.